ಅರ್ಧ ಕೆರೆದರೆ ಮಾತ್ರ ಮೋಟಾರ್ ತಿರುಗುತ್ತದೆ

ಒಂದು ಸೆಲ್, ಎರಡು ಪಿನ್, ಒಂದಿಷ್ಟು ತಾಮ್ರದ ತಂತಿ, ಒಂದು ಆಯಸ್ಕಾಂತ. ಇಷ್ಟಿದ್ದರೆ ಗಿರಗಿರ ತಿರುಗುವ ಪುಟ್ಟ ಮೋಟಾರ್ ಸಿದ್ಧ. ಆದರೆ ವಿಜ್ಞಾನ ಪ್ರದರ್ಶನಗಳ ಮೇಜಿನ ಮೇಲೆ ಮುನಿಸಿಕೊಂಡು ಕೂತ ಮೋಟಾರ್‌ಗಳನ್ನೇ ನಾನು ಜಾಸ್ತಿ ನೋಡಿದ್ದೇನೆ. ಸುರುಳಿ ಅಂದವಾಗಿರುತ್ತದೆ, ಸೆಲ್ ಹೊಸದಿರುತ್ತದೆ. ಬೆರಳಿನಿಂದ ತಳ್ಳಿದರೆ ಮಾತ್ರ ಎರಡು ಸಲ ಓಲಾಡಿ ನಿಂತುಬಿಡುತ್ತದೆ. ಎಡವಟ್ಟು ಆಗುವುದು ಹೆಚ್ಚಾಗಿ ಒಂದೇ ಕಡೆ, ತಂತಿಯ ತುದಿ ಕೆರೆಯುವಾಗ.

ಬೇಕಾಗುವ ಸಾಮಾನು: ದೊಡ್ಡ ಟಾರ್ಚ್‌ಗೆ ಹಾಕುವ 1.5 ವೋಲ್ಟ್‌ನ ಸೆಲ್, ಎರಡು ದೊಡ್ಡ ಸೇಫ್ಟಿ ಪಿನ್, ಅಗಲದ ರಬ್ಬರ್ ಬ್ಯಾಂಡ್, ಆಯಸ್ಕಾಂತ, ನಯವಾದ ಸ್ಯಾಂಡ್‌ಪೇಪರ್, ಸುಮಾರು ಒಂದು ಮೀಟರ್ ವೈಂಡಿಂಗ್ ವೈರ್ (ಮೋಟಾರ್ ಸುರುಳಿಗೆ ಸುತ್ತುವ, ತೆಳ್ಳಗಿನ ಲೇಪನವಿರುವ ತಾಮ್ರದ ತಂತಿ). ತಂತಿ ಅರ್ಧ ಮಿಲಿಮೀಟರ್ ಆಸುಪಾಸು ದಪ್ಪ ಇರಲಿ. ಪ್ಲಾಸ್ಟಿಕ್ ಹೊದಿಕೆಯ ಮಾಮೂಲಿ ವೈರ್ ಬೇಡ. ಬಣ್ಣ ಬಳಿದ ಪಿನ್ನೂ ಬೇಡ, ನೋಡಲು ಚೆಂದ ಅಷ್ಟೇ, ಕರೆಂಟ್ ಹರಿಯುವುದಿಲ್ಲ.

ಹಂತ 1. ದಪ್ಪ ಮಾರ್ಕರ್ ಪೆನ್ನಿಗೆ ತಂತಿಯನ್ನು ಹತ್ತು ಸುತ್ತು ಸುತ್ತಿ. ಎರಡೂ ಬದಿಗೆ ನಾಲ್ಕೈದು ಸೆಂಟಿಮೀಟರ್ ತುದಿ ಬಿಡಿ.

ಹಂತ 2. ಸುರುಳಿ ಬಿಚ್ಚಿಕೊಳ್ಳದಂತೆ ಪ್ರತಿ ತುದಿಯನ್ನೂ ಸುತ್ತುಗಳ ಮೇಲೆ ಎರಡು ಸಲ ಬಿಗಿಯಾಗಿ ಸುತ್ತಿ, ಎದುರುಬದುರಾಗಿ ಹೊರಗೆ ಎಳೆಯಿರಿ. ಎರಡು ತುದಿಯೂ ಸುರುಳಿಯ ನಡುಮಧ್ಯದಿಂದ ಹೊರಟು ಒಂದೇ ನೇರದಲ್ಲಿರಬೇಕು. ಎರಡು ಬೆರಳುಗಳ ಮೇಲೆ ಇಟ್ಟು ನೋಡಿ. ಯಾವಾಗಲೂ ಒಂದೇ ಬದಿ ಕೆಳಗೆ ಬೀಳುತ್ತಿದ್ದರೆ ತುದಿ ಸರಿಪಡಿಸಿ.

ಹಂತ 3. ಇಲ್ಲಿ ಅವಸರ ಬೇಡ. ವೈಂಡಿಂಗ್ ವೈರ್ ಬರಿ ತಾಮ್ರದ ಹಾಗೆ ಕಂಡರೂ ಮೇಲೆ ತೆಳ್ಳಗಿನ ಇನ್ಯಾಮೆಲ್ ಪದರ ಇರುತ್ತದೆ. ಅದು ಕರೆಂಟನ್ನು ತಡೆಯುತ್ತದೆ. ಒಂದು ತುದಿಯನ್ನು ಸುತ್ತಲೂ ಪೂರ್ತಿ ಉಜ್ಜಿ. ಕಂದು ಹೋಗಿ ಗುಲಾಬಿ ಹೊಳಪು ಬರಬೇಕು. ಇನ್ನೊಂದು ತುದಿಗೆ ಬಂದಾಗ ಸುರುಳಿಯನ್ನು ಚಕ್ರದ ಹಾಗೆ ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ತುದಿಯನ್ನು ಮೇಜಿನ ಅಂಚಿಗೆ ಒತ್ತಿ, ಮೇಲ್ಭಾಗದ ಅರ್ಧ ಮಾತ್ರ ಉಜ್ಜಿ. ಕೆಳಗಿನ ಅರ್ಧ ಮುಟ್ಟಲೇಬೇಡಿ. ತುಂಬಾ ಜನ ಸುರುಳಿಯನ್ನು ಮೇಜಿನ ಮೇಲೆ ಮಲಗಿಸಿ ಉಜ್ಜುತ್ತಾರೆ. ಹಾಗೆ ಮಾಡಿದರೆ ಕರೆಂಟ್ ತಪ್ಪು ಹೊತ್ತಿಗೆ ಹರಿದು ಸುರುಳಿ ಒಂದೇ ಕಡೆ ಸಿಕ್ಕಿಕೊಳ್ಳುತ್ತದೆ.

ಅರ್ಧ ಯಾಕೆ ಅಂದರೆ, ಕರೆಂಟ್ ಹರಿದಾಗ ಸುರುಳಿಯೂ ಆಯಸ್ಕಾಂತವಾಗುತ್ತದೆ. ಅರ್ಧ ಸುತ್ತಿನವರೆಗೆ ಕೆಳಗಿನ ಆಯಸ್ಕಾಂತ ಅದನ್ನು ಮುಂದಕ್ಕೆ ತಳ್ಳುತ್ತದೆ. ಆಮೇಲೂ ಕರೆಂಟ್ ಹರಿಯುತ್ತಲೇ ಇದ್ದರೆ ಹಿಂದಕ್ಕೆ ಎಳೆಯುತ್ತದೆ. ಉಳಿಸಿದ ಇನ್ಯಾಮೆಲ್ ಆ ಹೊತ್ತಿಗೆ ಸರಿಯಾಗಿ ಕರೆಂಟ್ ಕಡಿಯುತ್ತದೆ. ಉಳಿದರ್ಧ ಸುತ್ತನ್ನು ಸುರುಳಿ ತನ್ನ ವೇಗದಲ್ಲೇ ಮುಗಿಸುತ್ತದೆ.

ಲೈಟರ್‌ನಿಂದ ಸುಟ್ಟರೆ ಬೇಗ ಆಗುತ್ತೆ ಅನ್ನುವವರಿದ್ದಾರೆ. ಬೇಡ. ಮಸಿ ಹಿಡಿಯುತ್ತದೆ, ಜೊತೆಗೆ ಅರ್ಧ ಉಳಿಸಲೂ ಆಗುವುದಿಲ್ಲ. ಬ್ಲೇಡ್ ಕೂಡ ನನಗೆ ಇಷ್ಟವಿಲ್ಲ, ತಾಮ್ರಕ್ಕೆ ಗಾಯವಾಗಿ ತಂತಿ ಅಲ್ಲೇ ಮುರಿಯುತ್ತದೆ. ಕೈತಪ್ಪಿ ಎರಡೂ ತುದಿ ಪೂರ್ತಿ ಉಜ್ಜಿಬಿಟ್ಟಿರಾ? ಸುರುಳಿಯನ್ನು ನೆಟ್ಟಗೆ ಹಿಡಿದು ಒಂದು ತುದಿಯ ಅರ್ಧಕ್ಕೆ ನೇಲ್ ಪಾಲಿಶ್ ಬಳಿದು ಒಣಗಿಸಿ. ಇದೊಂದು ಅಡ್ಡದಾರಿಗೆ ನನ್ನ ತಕರಾರಿಲ್ಲ.

ಹಂತ 4. ಸೆಲ್ ಮಲಗಿಸಿ, ಎರಡೂ ತುದಿಗೆ ಪಿನ್ ನಿಲ್ಲಿಸಿ ರಬ್ಬರ್ ಬ್ಯಾಂಡ್‌ನಿಂದ ಬಿಗಿಯಿರಿ. ಪಿನ್ನಿನ ಪುಟ್ಟ ಕಣ್ಣು ಮೇಲಿರಲಿ.

ಹಂತ 5. ಆಯಸ್ಕಾಂತವನ್ನು ಸೆಲ್ ಮೇಲಿಟ್ಟು, ಸುರುಳಿಯ ತುದಿಗಳನ್ನು ಕಣ್ಣುಗಳಿಗೆ ಸೇರಿಸಿ ಮೆಲ್ಲಗೆ ಒಂದು ತಳ್ಳು ಕೊಡಿ. ಸುರುಳಿ ಆಯಸ್ಕಾಂತಕ್ಕೆ ತಾಗದೆ, ಆದಷ್ಟು ಹತ್ತಿರ ಇರಬೇಕು. ಒಂದು ಕಡೆಗೆ ತಿರುಗದಿದ್ದರೆ ಇನ್ನೊಂದು ಕಡೆಗೆ ತಳ್ಳಿ.

ನಿಂತ ಸುರುಳಿಯನ್ನು ಸುಮ್ನೆ ಹಾಗೇ ಬಿಡಬೇಡಿ, ತಂತಿ, ಸೆಲ್ ಎರಡೂ ಬಿಸಿಯಾಗುತ್ತವೆ. ಲಿಥಿಯಂ ಬ್ಯಾಟರಿ, ಮೊಬೈಲ್ ಚಾರ್ಜರ್ ಇದಕ್ಕೆ ಜೋಡಿಸಲೇಬಾರದು. ಚಿಕ್ಕ ಆಯಸ್ಕಾಂತಗಳನ್ನು ಪುಟ್ಟ ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ, ನುಂಗಿದರೆ ಜೀವಕ್ಕೇ ಅಪಾಯ.

ತಿರುಗಲು ಶುರುವಾದ ಮೇಲೆ ದಿಕ್ಕು ಬದಲಿಸಬೇಕಾದರೆ ಆಯಸ್ಕಾಂತವನ್ನು ಮಗುಚಿ ಇಟ್ಟು ಮತ್ತೆ ತಳ್ಳಿ.