ನಾಲ್ಕಡಿ ಟ್ಯಾಂಕು, ಒಂದು ರಟ್ಟಿನ ಮೀನು

ನಮ್ಮ ಹಾಲ್‌ನಲ್ಲಿ ಅಕ್ವೇರಿಯಂ ಸ್ಟ್ಯಾಂಡಿನ ಪಕ್ಕ ಮೊಳೆಗೆ ಒಂದು ರಟ್ಟಿನ ಮೀನು ನೇತಾಡುತ್ತಿರುತ್ತದೆ. ಮಿಕ್ಸಿ ಬಂದಿದ್ದ ಬಾಕ್ಸ್‌ನಿಂದ ಕತ್ತರಿಸಿದ್ದು. ಮೂತಿಯಿಂದ ಬಾಲದ ತುದಿಗೆ ಸರಿಯಾಗಿ 30 ಸೆಂಟಿಮೀಟರ್. ಬಂದವರು ಯಾವುದೋ ಮಗುವಿನ ಸ್ಕೂಲ್ ಪ್ರಾಜೆಕ್ಟ್ ಇರಬೇಕು ಅಂದುಕೊಳ್ಳುತ್ತಾರೆ. ಮಾಡಿದ್ದು 68 ವರ್ಷದ ನಮ್ಮಪ್ಪ. ಮಾಡುವ ಪರಿಸ್ಥಿತಿ ತಂದಿಟ್ಟವನು ನಾನು.

2022ರ ಮಾತು. ಮನೆಯಲ್ಲಿ ಆಗಲೇ ಒಂದು ಮೂರಡಿ ಟ್ಯಾಂಕ್ ಇತ್ತು. ಅಗಲ 1 ಅಡಿ, ಎತ್ತರ 15 ಇಂಚು. ಲೆಕ್ಕ ಹಾಕಿದರೆ ಸುಮಾರು 106 ಲೀಟರ್. ಗಪ್ಪಿ, ಮಾಲಿಯಂಥ ಪುಟ್ಟ ಮೀನು ಸಾಕಿ ಬೇಜಾರಾಗಿತ್ತು. ನಮ್ಮನ್ನು ಗುರುತು ಹಿಡಿಯೋ ಮೀನು ಬೇಕು, ಸ್ವಲ್ಪ ಗತ್ತು ಇರೋ ಮೀನು ಬೇಕು ಅನ್ನಿಸಿತು. ಅಂಗಡಿಯಲ್ಲಿ ಎರಡಿಂಚಿನ ಆಸ್ಕರ್ ಮರಿಗಳಿದ್ದವು. ಕಪ್ಪು ಮೈ, ಕಿತ್ತಳೆ ಗೆರೆ. ಬಾತುಕೋಳಿ ಮರಿ ಹಾಗೆ ತೇಲಾಡುತ್ತಾ ಬೆರಳಿನ ಹಿಂದೆ ಬರುತ್ತಿದ್ದವು. ಟೈಗರ್ ಅನ್ನೋ ಆ ಗೆರೆಯದೊಂದು, ಅಲ್ಬಿನೊ ಅನ್ನೋ ಬಿಳಿ ಮೈಯದೊಂದು ಕಟ್ಟಿಸಿದೆ. ದೊಡ್ಡದಾಗಿ ಬೆಳೀತವಾ ಅಂತ ಕೇಳಿದ್ದಕ್ಕೆ ಅಂಗಡಿಯವರು ನಗುತ್ತಲೇ ಹೇಳಿದರು: "ಟ್ಯಾಂಕ್ ಎಷ್ಟಿದ್ಯೋ ಅಷ್ಟೇ ಬೆಳೀತವೆ ಸಾರ್, ಯೋಚ್ನೆ ಮಾಡ್ಬೇಡಿ."

ಈ ಮಾತನ್ನು ನಂಬಿ ಕೆಟ್ಟವನು ನಾನೊಬ್ಬನೇ ಅಲ್ಲ. ಅದರಲ್ಲಿ ಅರ್ಧ ನಿಜ ಇರೋದರಿಂದಲೇ ಅದು ಇಷ್ಟು ವರ್ಷ ಓಡುತ್ತಿದೆ. ಸಣ್ಣ ಟ್ಯಾಂಕಿನಲ್ಲಿ ಮೀನಿನ ಬೆಳವಣಿಗೆ ಕುಂಟುವುದು ಹೌದು. ಆದರೆ ಗಾಜು ನೋಡಿ 'ಇಷ್ಟು ಸಾಕು' ಅಂತ ಅದು ನಿಲ್ಲಿಸುವುದಿಲ್ಲ. ತನ್ನದೇ ಗಲೀಜಿನಲ್ಲಿ ಸೊರಗಿ ನಿಲ್ಲುತ್ತದೆ. ಕೆಲವದರ ಬೆನ್ನು ಡೊಂಕಾಗುತ್ತದೆ, ಆಯಸ್ಸೂ ಕಮ್ಮಿ.

ನನ್ನವು ಸೊರಗಲೂ ಇಲ್ಲ. ತಿಂಗಳಿಗೆ ಒಂದಿಂಚಿನ ಲೆಕ್ಕದಲ್ಲಿ ಬೆಳೆದವು. ಎಂಟನೇ ತಿಂಗಳಿಗೆ ಎರಡೂ ಒಂದೊಂದು ಗೇಣು. ಫಿಲ್ಟರಿನ ಸ್ಪಂಜು ಎರಡೇ ದಿನಕ್ಕೆ ಕಟ್ಟಿಕೊಳ್ಳುತ್ತಿತ್ತು. ಹೀಟರ್ ಕಿತ್ತು ಮರಳಿನ ಮೇಲೆ ಬೀಳಿಸುತ್ತಿದ್ದವು. ಆಮೇಲೆ ಟೈಗರ್‌ನ ತಲೆ ಮೇಲೆ ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿ ಕಾಣಿಸಿಕೊಂಡವು. ತಲೆಯಲ್ಲಿ ತೂತು ಬೀಳೋ ಈ ರೋಗ ಆಸ್ಕರ್‌ಗಳಿಗೆ ಮಾಮೂಲು. ಕೆಟ್ಟ ನೀರು, ಒಂದೇ ಥರದ ಆಹಾರ ಇದ್ದಲ್ಲಿ ಬೇಗ ಬರುತ್ತದೆ. ಟೈಗರ್ ಬಲ ಕಳೆದುಕೊಳ್ಳುತ್ತಿದ್ದ ಹಾಗೆ ಅಲ್ಬಿನೊ ಅದನ್ನು ಮೂಲೆಗೆ ಒತ್ತಿ ಹೊಡೆಯೋಕೆ ಶುರು ಮಾಡಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಟೈಗರ್ ಹೋಗಿತ್ತು. ಅಲ್ಬಿನೊವನ್ನು ಆರಡಿ ಟ್ಯಾಂಕ್ ಇದ್ದ ಪರಿಚಯದವರೊಬ್ಬರಿಗೆ ಬಕೆಟ್ಟಿನಲ್ಲಿ ಕೊಟ್ಟು ಬಂದೆ.

ಆ ಭಾನುವಾರ ಅಪ್ಪ ಸುಮ್ಮನೆ ಖಾಲಿ ಟ್ಯಾಂಕ್ ನೋಡುತ್ತಾ ಕೂತಿದ್ದರು. ಅಪ್ಪ ನಲವತ್ತು ವರ್ಷ ಮರಗೆಲಸ ಮಾಡಿದವರು. "ಪೂರ್ತಿ ಬೆಳೆದ್ರೆ ಎಷ್ಟು ಉದ್ದ ಆಗುತ್ತೋ ಅದು?" ಅಂದರು. 30 ಸೆಂಟಿಮೀಟರ್ ಅಂದೆ. ಎದ್ದು ಹೋಗಿ ಬಾಕ್ಸ್ ತಂದು, ಟೇಪ್ ಹಿಡಿದು, ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಮೀನಿನ ಆಕಾರ ಕತ್ತರಿಸಿದರು. ಅದನ್ನು ಟ್ಯಾಂಕಿನೊಳಗೆ ಅಡ್ಡಡ್ಡ ಹಿಡಿದರು. ಮೂತಿ ಮುಂದಿನ ಗಾಜಿಗೆ ತಾಗಿತು, ಬಾಲ ಹಿಂದಿನ ಗಾಜಿಗೆ ತಾಗಿತು. ಆಗ ನೆನಪಾಯಿತು: ಕೊನೆ ಎರಡು ತಿಂಗಳು ಆ ಮೀನುಗಳು ತಿರುಗುವಾಗ ಬಿಲ್ಲಿನ ಹಾಗೆ ಮೈ ಬಗ್ಗಿಸಿ, ಮೂತಿಯನ್ನು ಗಾಜಿಗೆ ಉಜ್ಜಿಕೊಂಡೇ ತಿರುಗುತ್ತಿದ್ದವು. ಅದನ್ನು ನಾನು ಆಟ ಅಂದುಕೊಂಡು ವಿಡಿಯೋ ಬೇರೆ ಮಾಡಿದ್ದೆ.

"ಬಾಗ್ಲು ಅಳೀದೆ ಯಾರಾದ್ರೂ ಕಪಾಟು ಮಾಡ್ತಾರೇನೋ?" ಅಂದರು ಅಪ್ಪ. ಅಷ್ಟೇ, ಬೇರೆ ಬಯ್ಯಲಿಲ್ಲ.

ಮುಂದಿನ ಸಲ ಎಲ್ಲ ತಿರುವುಮುರುವು ಮಾಡಿದೆ. ಮೊದಲು ಜಾಗ, ಆಮೇಲೆ ಟ್ಯಾಂಕ್, ಕೊನೆಗೆ ಮೀನು. ನಮ್ಮದು ಬೆಂಗಳೂರಿನಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ. ಹಾಲ್‌ನ ಕಿಟಕಿ ಮತ್ತು ಬಾಗಿಲಿನ ನಡುವೆ ಸಿಗೋ ಗೋಡೆ ನಾಲ್ಕೂಕಾಲು ಅಡಿ. ಬಾಗಿಲು ಪೂರ್ತಿ ತೆರೆಯಬೇಕು ಅಂದರೆ ಟ್ಯಾಂಕಿನ ಅಗಲ ಒಂದು ಮೊಳಕ್ಕಿಂತ ಜಾಸ್ತಿ ಇರೋ ಹಾಗಿಲ್ಲ. ಅಲ್ಲಿಗೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕಾಗದದ ಮೇಲೆ 255 ಲೀಟರ್. ಮರಳು, ಕಲ್ಲು, ಮೇಲೆ ಬಿಡೋ ಜಾಗ ಕಳೆದರೆ 220ರ ಹತ್ತಿರ. 10 ಎಂಎಂ ಗಾಜೇ 50 ಕೆಜಿ ದಾಟುತ್ತದೆ. ನೀರು, ಮರಳು, ಕಬ್ಬಿಣದ ಸ್ಟ್ಯಾಂಡು ಸೇರಿದರೆ ಒಟ್ಟು 300 ಕೆಜಿ ಮೇಲೆ. ಓನರ್‌ಗೆ ಈ ಅಂಕಿ ಮೊದಲೇ ಹೇಳಿ, ಬೀಮ್ ಹಾದುಹೋಗೋ ಗೋಡೆ ಪಕ್ಕವೇ ಇಟ್ಟೆ. ಮುಚ್ಚಿಟ್ಟಿದ್ದರೆ ಯಾವತ್ತೋ ಒಂದು ದಿನ ಜಗಳ ಆಗುತ್ತಿತ್ತು.

ಎತ್ತರದ ಟ್ಯಾಂಕ್ ತಗೊಳ್ಳಿ, ನೋಡೋಕೆ ಚೆಂದ ಅಂತ ತುಂಬಾ ಜನ ಹೇಳಿದರು. ಆಸ್ಕರ್ ಸೇರಿದ ಮೀನಿನ ಬಳಗಕ್ಕೆ ಸಿಕ್ಲಿಡ್ ಅನ್ನುತ್ತಾರೆ. ಅದರಲ್ಲಿ ನಾನು ಹುಡುಕುತ್ತಿದ್ದಂಥ ಮೀನುಗಳಿಗೆ ಎತ್ತರದಿಂದ ಹೆಚ್ಚು ಉಪಯೋಗ ಇಲ್ಲ. ಅವು ನೆಲದ ಮೇಲೆ ಗಡಿ ಹಾಕಿಕೊಂಡು ಬದುಕೋ ಮೀನುಗಳು. ಅವಕ್ಕೆ ಬೇಕಿರುವುದು ಸೈಟು, ಮಹಡಿ ಅಲ್ಲ. (ಅಂದಹಾಗೆ ಇಂಗ್ಲಿಷ್ ಸ್ಪೆಲಿಂಗ್ ನೋಡಿ ಅಂಗಡಿಗಳಲ್ಲಿ 'ಚಿಚ್ಲಿಡ್' ಅನ್ನುತ್ತಾರೆ. ಹಾಗೆ ಕೇಳಿದರೂ ಮೀನು ಅದನ್ನೇ ಕೊಡುತ್ತಾರೆ, ಬಿಡಿ.)

ಈಗ ರಟ್ಟಿನ ಮೀನುಗಳ ಸರದಿ. ಅಪ್ಪನಿಗೆ ಇದೇ ಒಂದು ಕೆಲಸ ಆಯಿತು. ನಾನು ಹೆಸರು, ಉದ್ದ ಹೇಳೋದು, ಅವರು ಕತ್ತರಿಸೋದು. ನಮ್ಮ ನಿಯಮ ಸರಳ: ಪೂರ್ತಿ ಬೆಳೆದ ಮೀನು ಅಡ್ಡ ನಿಂತಾಗ ಎರಡೂ ಕಡೆ ಒಂದೊಂದು ಅಂಗೈ ಅಗಲ ಉಳಿಯಬೇಕು. ಉದ್ದಕ್ಕೆ ಅದರ ಮೈಯ ನಾಲ್ಕು ಪಟ್ಟಾದರೂ ಜಾಗ ಇರಬೇಕು. ಇದು ಯಾವ ಪುಸ್ತಕದ್ದೂ ಅಲ್ಲ, ನಮ್ಮ ಮನೆಯದು.

ಡೊವಿ, ಅಂದರೆ ವುಲ್ಫ್ ಸಿಕ್ಲಿಡ್, 70 ಸೆಂಟಿಮೀಟರ್‌ವರೆಗೆ ಬೆಳೆಯೋ ಪ್ರಾಣಿ. ರಟ್ಟು ಸಾಲದೆ ಎರಡು ತುಂಡು ಅಂಟಿಸಬೇಕಾಯಿತು. ಟ್ಯಾಂಕಿನೊಳಗೆ ಅಡ್ಡ ಹೋಗಲೇ ಇಲ್ಲ. ಅಮ್ಮ ಅಡುಗೆಮನೆಯಿಂದ ಬಂದು ನೋಡಿ ನಕ್ಕುಬಿಟ್ಟರು. ಜಾಗ್ವಾರ್ 40 ಸೆಂಟಿಮೀಟರ್ ಮುಟ್ಟುತ್ತದೆ, ಅದೂ ಇಲ್ಲ. ನಿಕರಾಗುವಾದ ಸರೋವರಗಳಿಂದ ಬಂದ ರೆಡ್ ಡೆವಿಲ್ ಗಂಡು 35 ದಾಟುತ್ತದೆ, ಜೊತೆಗೆ ಇನ್ನೊಂದು ಮೀನನ್ನು ಸಹಿಸುವುದೇ ಕಷ್ಟ. ಅದನ್ನೂ ಬಿಟ್ಟೆ. ಈ ಮೂರರ ಮರಿಗಳೂ ಅಂಗಡಿಯಲ್ಲಿ ಮೂರಿಂಚಿಗೆ ಎಷ್ಟು ಮುದ್ದಾಗಿರುತ್ತವೆ ಅಂದರೆ, ರಟ್ಟಿನ ಮೀನು ಜೇಬಿನಲ್ಲಿ ಇಟ್ಟುಕೊಂಡು ಹೋಗೋದು ಒಳ್ಳೆಯದು.

ಫ್ಲವರ್‌ಹಾರ್ನ್ ಅಮ್ಮನ ಆಯ್ಕೆ. ವಾಸ್ತುವಿಗೆ ಒಳ್ಳೆಯದು ಅಂತ ಯಾರೋ ಹೇಳಿದ್ದರು. ಇದು ಹೊಳೆಯಲ್ಲಿ ಹುಟ್ಟಿದ ಮೀನಲ್ಲ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೇರೆ ಬೇರೆ ಸಿಕ್ಲಿಡ್ ಬೆರೆಸಿ ಮಾಡಿದ ತಳಿ. ನಾಲ್ಕಡಿ ಟ್ಯಾಂಕಿಗೆ ಒಂಟಿಯಾಗಿ ಧಾರಾಳವಾಗಿ ಸಾಕಬಹುದು. ನಾನು ಒಪ್ಪದೇ ಇದ್ದದ್ದಕ್ಕೆ ಕಾರಣ ನನ್ನ ಇಷ್ಟಾನಿಷ್ಟ ಅಷ್ಟೇ. ಹಣೆ ಮೇಲಿನ ಉಬ್ಬು ಎಷ್ಟು ದಪ್ಪ ಅಂತ ನೋಡಿ ಬೆಲೆ ಕಟ್ಟೋ ವ್ಯಾಪಾರ ನನಗೆ ಹಿಡಿಸಲಿಲ್ಲ. ಕಲ್ಲಿನ ಸಂದಿಯಲ್ಲಿ ಮರಳು ಕೆದಕುತ್ತಾ ಓಡಾಡೋ ಮೀನು ನನಗೆ ಬೇಕಿತ್ತು.

ಒಂಟಿ ಆಸ್ಕರ್? ಈ ಅಳತೆಗೆ ಒಂದು ಆಸ್ಕರ್ ಹಿಡಿಸುತ್ತದೆ, ಸುಳ್ಳು ಹೇಳಲ್ಲ. ಆದರೆ ಅಷ್ಟು ಹೊತ್ತಿಗೆ ನಾನು ಇನ್ನೊಂದು ಲೆಕ್ಕ ಮಾಡಿದ್ದೆ. ಬಕೆಟ್ ಲೆಕ್ಕ. ಆಸ್ಕರ್ ತಿನ್ನೋದು ಜಾಸ್ತಿ, ಗಲೀಜು ಇನ್ನೂ ಜಾಸ್ತಿ. ವಾರಕ್ಕೆ ಅರ್ಧ ನೀರು ಬದಲಿಸಬೇಕು ಅಂದರೆ 110 ಲೀಟರ್, ಅಂದರೆ ನಮ್ಮ 20 ಲೀಟರ್ ಬಕೆಟ್‌ನಲ್ಲಿ ಐದೂವರೆ. ಕ್ಲೋರಿನ್ ಹೋಗಿಸಿದ, ಹದವಾದ ನೀರು, ಪ್ರತಿ ವಾರ, ವರ್ಷಪೂರ್ತಿ. ನಮ್ಮ ಏರಿಯಾದಲ್ಲಿ ಕಾವೇರಿ ನೀರು ಬರೋದು ದಿನ ಬಿಟ್ಟು ದಿನ. ಟ್ಯಾಂಕಿನ ಸೈಜ್ ಅಂದರೆ ಗಾಜಿನ ಅಳತೆ ಮಾತ್ರ ಅಲ್ಲ, ನಮ್ಮ ನಲ್ಲಿಯ ಅಳತೆ ಕೂಡ.

ಕೊನೆಗೆ ಉಳಿದದ್ದು ಜಾಕ್ ಡೆಂಪ್ಸಿ. ಮೆಕ್ಸಿಕೊ, ಹೊಂಡುರಾಸ್ ಕಡೆಯದು. 1919ರಿಂದ 1926ರವರೆಗೆ ಹೆವಿವೇಟ್ ಚಾಂಪಿಯನ್ ಆಗಿದ್ದ ಬಾಕ್ಸರ್‌ನ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. 20ರಿಂದ 25 ಸೆಂಟಿಮೀಟರ್. ರಟ್ಟು ಅಡ್ಡ ಹಿಡಿದರೆ ಎರಡೂ ಕಡೆ ಅಂಗೈ ಅಗಲ ಉಳಿಯಿತು. ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೂ ಅದು ಮುಖ ಸಿಂಡರಿಸುವುದಿಲ್ಲ. ಮಧ್ಯ ಅಮೆರಿಕದ ಸಿಕ್ಲಿಡ್‌ಗಳಿಗೆ ಅಂಥ ನೀರೇ ಒಗ್ಗುತ್ತದೆ.

ಹಳೇ ಟ್ಯಾಂಕಿನ ಸ್ಪಂಜ್ ಫಿಲ್ಟರನ್ನು ತೊಳೆಯದೆ ಹಾಗೇ ಹೊಸದಕ್ಕೆ ಹಾಕಿ, ಚಿಟಿಕೆ ಫುಡ್ ಉದುರಿಸುತ್ತಾ ಐದು ವಾರ ಮೀನಿಲ್ಲದೆ ಓಡಿಸಿದೆ. ಗಲೀಜಿನಿಂದ ಹುಟ್ಟೋ ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಕೂರಬೇಕಲ್ಲ. ಮನೆಗೆ ಬಂದವರೆಲ್ಲ ಮೀನೆಲ್ಲಿ ಅಂತ ಕೇಳಿದರು. ದೊಡ್ಡ ಕಲ್ಲುಗಳನ್ನು ಮರಳಿನ ಮೇಲಲ್ಲ, ಕೆಳಗೆ ತೆಳು ಥರ್ಮಾಕೋಲ್ ಹಾಕಿ ಅದರ ಮೇಲೆ ಕೂರಿಸಿದೆ. ಮರಳು ಆಮೇಲೆ. ಇಲ್ಲದಿದ್ದರೆ ಇವು ಬುಡ ಅಗೆದು ಕಲ್ಲನ್ನು ಗಾಜಿಗೆ ಉರುಳಿಸಿಬಿಡುತ್ತವೆ.

ಮರಿ ತಂದಾಗ ಮೂರಿಂಚು. ಬೂದು ಬಣ್ಣ, ಏನೂ ಆಕರ್ಷಣೆ ಇಲ್ಲ. ಅಮ್ಮ "ಇದಕ್ಕಾ ಇಷ್ಟು ದಿನ ಕಾದಿದ್ದು?" ಅಂದರು. ಒಂದು ವರ್ಷದ ಹೊತ್ತಿಗೆ ಮೈತುಂಬಾ ನೀಲಿ-ಹಸಿರು ಚುಕ್ಕಿ ಒಡೆದು, ಸಂಜೆ ಬೆಳಕಿಗೆ ಮೈಸೂರು ರೇಷ್ಮೆ ಹಾಗೆ ಮಿನುಗೋಕೆ ಶುರುವಾಯಿತು. ಆಮೇಲೆ ಅಮ್ಮನೇ ವಾರಕ್ಕೊಮ್ಮೆ ಸಿಪ್ಪೆ ಬಿಡಿಸಿದ ಸಿಗಡಿ ಚೂರು ಹಾಕುವವರು. ಉಳಿದ ದಿನ ಪೆಲೆಟ್. ಜೀವಂತ ಗೋಲ್ಡ್‌ಫಿಶ್ ಹಾಕಿ ತಮಾಷೆ ನೋಡೋ ಚಟ ನನಗಿಲ್ಲ, ಅದರಿಂದ ರೋಗ ಬರೋದೇ ಹೆಚ್ಚು.

2024ರ ಬೇಸಿಗೆ ಬಂತು. ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ ಜನ ಟ್ಯಾಂಕರಿಗೆ ಕಾಯುತ್ತಿದ್ದ ಆ ಮಾರ್ಚ್ ನೆನಪಿದೆಯಲ್ಲ. ಮನುಷ್ಯರಿಗೇ ನೀರಿಲ್ಲದಾಗ ಮೀನಿಗೆ ಐದು ಬಕೆಟ್ ಸುರಿಯೋಕೆ ಯಾವ ಮುಖ ಇಟ್ಟುಕೊಂಡು ಕೇಳಲಿ? ಡೆಂಪ್ಸಿಗೆ ಊಟ ಅರ್ಧ ಮಾಡಿದೆ. ವಾರಕ್ಕೆ ಎರಡೇ ಬಕೆಟ್ ಬದಲಿಸಿದೆ, ತೆಗೆದ ನೀರನ್ನು ಓನರ್ ಮನೆಯ ಕರಿಬೇವಿನ ಗಿಡಕ್ಕೆ ಹಾಕಿದೆ. ಒಂದೇ ಮೀನು, ಅದೂ ಗಾಜು ಹಿಡಿಸೋದಕ್ಕಿಂತ ಒಂದು ಸೈಜ್ ಚಿಕ್ಕದು. ಮೂರು ತಿಂಗಳು ತಳ್ಳಿತು. ಅಲ್ಲಿ ಎರಡು ಆಸ್ಕರ್ ಇದ್ದಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಇಷ್ಟೆಲ್ಲ ಅಳೆದವನು ಆಮೇಲೂ ಒಂದು ತಪ್ಪು ಮಾಡಿದೆ. ಮಳೆಗಾಲದಲ್ಲಿ ಗೆಳೆಯನೊಬ್ಬ ಕಾನ್ವಿಕ್ಟ್ ಅನ್ನೋ ಸಣ್ಣ ಸಿಕ್ಲಿಡ್ ಜೋಡಿ ಕೊಟ್ಟ. ಬಿಳಿ ಮೈಗೆ ಕಪ್ಪು ಪಟ್ಟೆ, ಕೈದಿಯ ಅಂಗಿ ಥರ. ಗಂಡು ನಾಲ್ಕಿಂಚು, ಹೊಟ್ಟೆ ಕಿತ್ತಳೆ ಬಣ್ಣದ ಹೆಣ್ಣು ಮೂರಿಂಚು. ಡೆಂಪ್ಸಿ ಆಗ ಎಂಟಿಂಚು. ನನಗೆ ಭಯ ಇದ್ದದ್ದು ಕಾನ್ವಿಕ್ಟ್‌ಗಳ ಬಗ್ಗೆ. ಹತ್ತು ದಿನ ಎಲ್ಲ ಶಾಂತ.

ಆಮೇಲೆ ಹೆಣ್ಣು ಮಣ್ಣಿನ ಕುಂಡದೊಳಗೆ ಮೊಟ್ಟೆ ಅಂಟಿಸಿತು. ಆಫೀಸಿನಿಂದ ಬಂದು ನೋಡುತ್ತೇನೆ, ಬಾಕ್ಸರ್ ಹೆಸರಿನ ನನ್ನ ಮೀನು ಮೇಲಿನ ಮೂಲೆಯಲ್ಲಿ, ಹೀಟರ್ ಹಿಂದೆ, ತಲೆ ಮೇಲು ಮಾಡಿಕೊಂಡು ಓರೆಯಾಗಿ ನಿಂತಿದೆ. ಚುಕ್ಕಿಗಳೆಲ್ಲ ಮಾಸಿ ಮರಿಯಾಗಿದ್ದಾಗಿನ ಬೂದು ಬಣ್ಣ. ಬಾಲದ ಅಂಚು ಹರಿದಿದೆ. ಅದು ಒಂದು ಗೇಣು ಕೆಳಗೆ ಇಳಿದರೆ ಸಾಕು, ಗಂಡು ಕಾನ್ವಿಕ್ಟ್ ಕಿವಿರು ಅಗಲಿಸಿಕೊಂಡು ಬಂದು ಪಕ್ಕೆಗೆ ಗುದ್ದಿ ಹೋಗುತ್ತಿತ್ತು. ಹೆಣ್ಣು ಕುಂಡದ ಬಾಯಲ್ಲಿ ನಿಂತು ರೆಕ್ಕೆಯಿಂದ ಮೊಟ್ಟೆಗೆ ಗಾಳಿ ಹಾಕುತ್ತಿತ್ತು. ನಾಲ್ಕಡಿಯಲ್ಲಿ ಮೂರಡಿ ಅವರದ್ದಾಗಿತ್ತು. ರಟ್ಟಿನ ಮೀನಿಗೆ ಉದ್ದ ಇದೆ, ಸಿಟ್ಟು ಇಲ್ಲವಲ್ಲ!

ಅವತ್ತು ರಾತ್ರಿಯೇ ಕುಂಡದ ಸಮೇತ ಆ ಸಂಸಾರವನ್ನು ಹಳೇ ಮೂರಡಿ ಟ್ಯಾಂಕಿಗೆ ಸಾಗಿಸಿದೆ. ಗೋಲ್ಡ್‌ಫಿಶ್ ಒಂದೆರಡು ಇದ್ದವು, ಅವನ್ನು ಪಕ್ಕದ ಮನೆಗೆ ಕೊಟ್ಟೆ. ಆಸ್ಕರ್‌ಗೆ ಪೆಟ್ಟಿಗೆಯಾಗಿದ್ದ ಅದೇ 106 ಲೀಟರ್, ಐದಿಂಚು ದಾಟದ ಈ ಜೋಡಿಗೆ ಬಂಗಲೆ. ನಿಜ ಹೇಳಬೇಕು ಅಂದರೆ ಈಗ ನಾನು ಹೆಚ್ಚು ಹೊತ್ತು ಕೂರೋದು ಅದರ ಮುಂದೆಯೇ. ಮರಿಗಳನ್ನು ಬಾಯಲ್ಲಿ ಹಿಡಿದು ಗುಂಪಿಗೆ ತಂದು ಉಗುಳೋದು, ನನ್ನ ಬೆರಳಿಗೇ ಎಗರೋದು, ದೊಡ್ಡ ಸಿಕ್ಲಿಡ್‌ನಲ್ಲಿ ಏನು ನೋಡಬೇಕು ಅಂತ ಹೊರಟಿದ್ದೆನೋ ಅದೆಲ್ಲ ಇಲ್ಲಿದೆ. ಡೆಂಪ್ಸಿಗೆ ಬಣ್ಣ ವಾಪಸ್ ಬರೋಕೆ ಎರಡು ವಾರ ಹಿಡಿಯಿತು. ಅದು ಈಗ ಒಂಟಿ, ಅದಕ್ಕೆ ಅದೇ ಇಷ್ಟ.

ಕಾನ್ವಿಕ್ಟ್ ತಂದರೆ ಬರೋ ತಾಪತ್ರಯ ಮರಿಗಳದು. ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ, ಇನ್ನೊಂದು ವಾರದೊಳಗೆ ಮರಿ ಈಜುತ್ತವೆ. ಕೆರೆಗೆ ಬಿಟ್ಟುಬಿಡಿ ಅಂತ ಪಕ್ಕದ ಮನೆಯವರು ಸಲೀಸಾಗಿ ಹೇಳಿದರು. 1952ರಲ್ಲಿ ನಮ್ಮ ದೇಶಕ್ಕೆ ತಂದ ತಿಲಾಪಿಯಾ, ಅದೇ ನಮ್ಮ ಜಿಲೇಬಿ ಮೀನು, ಅದೂ ಸಿಕ್ಲಿಡ್ ಕುಲದ್ದೇ. ಈಗ ಯಾವ ಕೆರೆಯಲ್ಲಿ ಬಲೆ ಹಾಕಿದರೂ ಅದೇ. ದಕ್ಷಿಣ ಕನ್ನಡದ ಹೊಳೆಗಳಲ್ಲಿ ಹೆಸರಲ್ಲೇ ಕೆನರಾ ಇಟ್ಟುಕೊಂಡ ನಮ್ಮದೇ ಒಂದು ಪುಟ್ಟ ಸಿಕ್ಲಿಡ್ ಇದೆ, ಎಟ್ರೋಪ್ಲಸ್ ಕೆನರೆನ್ಸಿಸ್. ಅಂಥದರ ಮನೆಗೆ ಈ ಪಟ್ಟೆ ಅಂಗಿಯವರನ್ನು ಕಳಿಸೋ ಪಾಪ ನನಗೆ ಬೇಡ.

ಈಗ ಕುಂಡಕ್ಕೆ ಮೊಟ್ಟೆ ಅಂಟಿದ ತಕ್ಷಣ ಹೆಚ್ಚಿನದ್ದನ್ನು ಹಳೇ ಬ್ರಷ್‌ನಿಂದ ಒರೆಸಿ ತೆಗೆಯುತ್ತೇನೆ. ಮೊದಲ ಸಲ ಉಳಿದ ಮರಿಗಳಲ್ಲಿ ಮೂವತ್ತನ್ನು ಹೋದ ವಾರ ಒಂದು ಅಂಗಡಿಯವರು ತಗೊಂಡರು. ದುಡ್ಡಿನ ಬದಲು ಒಂದು ಡಬ್ಬ ಪೆಲೆಟ್ ಕೊಟ್ಟರು. ಉಳಿದ ಹತ್ತನ್ನು ಕೇಳಿಕೊಂಡು ಕೆಳಗಿನ ಮನೆ ಹುಡುಗ ಬಂದಿದ್ದ. ಅಪ್ಪ ಮೊಳೆಯಿಂದ ರಟ್ಟಿನ ಮೀನು ಬಿಚ್ಚಿ, "ಇದಲ್ಲಪ್ಪ, ಇದು ಆಸ್ಕರ್‌ದು. ತಾಳು, ನಿನ್ನ ಟ್ಯಾಂಕಿಗೆ ಚಿಕ್ಕದೊಂದು ಕತ್ತರಿಸಿ ಕೊಡ್ತೀನಿ" ಅಂತ ಟೇಪ್ ಹುಡುಕುತ್ತಿದ್ದರು.