ಫೇಸಿಂಗ್ ಆದ ಕೆ10 ಇಂಜಿನ್‌ನಲ್ಲಿ ಚೈನ್ ಶಬ್ದ ನಿಲ್ಲಿಸಿದ್ದು

ಹೀಟ್ ಆಗಿ ಹೆಡ್ (ಇಂಜಿನ್‌ನ ಮೇಲಿನ ಭಾಗ) ಬೆಂಡಾಗಿದ್ದ ವ್ಯಾಗನ್ ಆರ್ ಕಾರು. ಕೆ10ಬಿ ಇಂಜಿನ್, 998 ಸಿಸಿ. ಬೇರೆ ಕಡೆ ಹೆಡ್ ಫೇಸಿಂಗ್ (ತಳವನ್ನು ತೆಳುವಾಗಿ ಕೆತ್ತಿ ಮಟ್ಟ ಮಾಡುವುದು), ರಿಂಗು, ಬೇರಿಂಗು ಎಲ್ಲ ಮಾಡಿಸಿಕೊಂಡು ನನ್ನ ಶೆಡ್ಡಿಗೆ ಬಂತು. ಬೆಳಿಗ್ಗೆ ಸೆಲ್ಫ್ ಹೊಡೆದರೆ ನಾಲ್ಕೈದು ಸೆಕೆಂಡ್ ಗರಗರ. ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಮತ್ತೆ ಸಣ್ಣಗೆ ಶುರು. ನೋಡಿದವರೆಲ್ಲ ಹೇಳಿದ್ದು ಒಂದೇ: ಫೇಸಿಂಗ್ ಮಾಡಿಸಿ ಹೆಡ್ ತಗ್ಗಿದೆ, ಟೈಮಿಂಗ್ ಚೈನ್ (ಕೆಳಗಿನ ಕ್ರ್ಯಾಂಕಿನಿಂದ ಮೇಲೆ ವಾಲ್ವ್ ತೆರೆಯುವ ಕ್ಯಾಮನ್ನು ತಿರುಗಿಸುವ ಚೈನ್) ಲೂಸ್ ಆಗಿದೆ, ಇನ್ನು ಸರಿಹೋಗಲ್ಲ, ಬೇರೆ ಇಂಜಿನ್ ಕೂರಿಸಿ.

ಸುಮ್ನೆ ಲೆಕ್ಕ ಹಾಕಿ. ಫೇಸಿಂಗ್‌ನಲ್ಲಿ ಹೋಗಿದ್ದು 0.2 ಮಿ.ಮೀ. ಆಸುಪಾಸು. ಚೈನ್ ಎರಡೂ ಕಡೆ ಸಡಿಲ ಆಗುತ್ತೆ ಅಂದುಕೊಂಡರೂ 0.4. ಆಯಿಲ್ ಒತ್ತಡದಲ್ಲಿ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್, ಅದರ ಪ್ಲಂಜರ್ (ಚೈನಿನ ಕಡೆ ತಳ್ಳುವ ಕಡ್ಡಿ) ಒಂದೆರಡು ಮಿ.ಮೀ. ಜಾಸ್ತಿ ಹೊರಗೆ ಬಂದರೆ ಮುಗಿಯಿತು, ಅಲ್ವಾ? ಕ್ಯಾಮ್ ಟೈಮಿಂಗ್ ಹಿಂದೆ ಬೀಳುವುದೂ ಅರ್ಧ ಡಿಗ್ರಿಯ ಹತ್ತಿರ. ನಾನು ಒಪ್ಪಲಿಲ್ಲ.

ಗಿರಾಕಿಯ ಒತ್ತಾಯಕ್ಕೆ ಮೊದಲು ಲೋಕಲ್ ಚೈನ್ ಕಿಟ್ ಹಾಕಿದೆ, ಎರಡೂವರೆ ಸಾವಿರದ್ದು. ಒಂದು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ರಾಗ. ಬೆಂಗಳೂರಿನ ಜೆಸಿ ರೋಡಿನ ಸ್ಪೇರ್ ಅಂಗಡಿಯಿಂದ ಕಂಪನಿ ಕಿಟ್ ತರಿಸಿದೆ, ಆರು ಸಾವಿರ ಚಿಲ್ಲರೆ. ಶಬ್ದ ಅರ್ಧ ಕಮ್ಮಿ ಆಯಿತು, ನಿಲ್ಲಲಿಲ್ಲ. ಪ್ರತಿ ಸಲ ಇಂಜಿನ್ ಕೆಳಗಿನ ಆಯಿಲ್ ಚೇಂಬರ್ ಇಳಿಸು, ಕವರ್ ಬಿಚ್ಚು, ಹೊಸ ಆಯಿಲ್ ಸುರಿ. ಅದರ ಕೂಲಿಯನ್ನು ಯಾವ ಗಿರಾಕಿ ಕೊಡುತ್ತಾನೆ?

ಈ ಮಧ್ಯೆ ಒಂದು ತಮಾಷೆ ಮಾಡಿದೆ. ಹಳೆಯದು, ಲೋಕಲ್, ಕಂಪನಿ, ಮೂರೂ ಚೈನನ್ನು ಒಂದೇ ರಾಡಿಗೆ ನೇತುಹಾಕಿ ಕೆಳಗೆ ಭಾರ ಕಟ್ಟಿದೆ. ಹಳೆಯದು ಮೂರು ಮಿ.ಮೀ. ಹತ್ತಿರ ಜಾಸ್ತಿ ಇಳಿಯಿತು. ವಾರ ಓಡಿದ ಲೋಕಲ್ ಚೈನೂ ಒಂದು ಮಿ.ಮೀ. ಇಳಿದಿತ್ತು! ಪ್ಲಂಜರ್ ಎಷ್ಟು ಹೊರಗೆ ಬಂದರೆ ಚೈನ್ ಬಿಸಾಡಬೇಕು ಅನ್ನುವ ಲೆಕ್ಕವೂ ಆಗ ಸಿಕ್ಕಿತು, ಅದು ನನ್ನ ಡೈರಿಯಲ್ಲೇ ಇರಲಿ.

ಅಸಲಿ ಕಳ್ಳ ಸಿಕ್ಕಿದ್ದು ಟೆನ್ಷನರ್ ಕೂರುವ ಜಾಗದ ಆಯಿಲ್ ತೂತಿನಲ್ಲಿ. ಏರ್ ಹೊಡೆದರೆ ಗಾಳಿ ತಡೆದು ತಡೆದು ಬರುತ್ತಿತ್ತು. ಹಿಂದೆ ಯಾರೋ ಗ್ಯಾಸ್ಕೆಟ್ ಪೇಸ್ಟನ್ನು ಧಾರಾಳವಾಗಿ ಬಳಿದಿದ್ದರು, ಅದು ಒಳಗೆ ಹೋಗಿ ಶ್ಯಾವಿಗೆ ಎಳೆಯ ಹಾಗೆ ಕೂತಿತ್ತು. ಆಯಿಲ್ ಸೋಸುವ ಸ್ಟ್ರೈನರ್ ಜಾಲರಿಯಲ್ಲೂ ಅದರದೇ ಚೂರು. ಒಳಗೆ ತಳ್ಳದೆ ಅದನ್ನು ಹೊರಗೆ ಎಳೆಯಲು ಒಂದು ಸಾಮಾನು ಮಾಡಿಕೊಂಡಿದ್ದೇನೆ, ಅದು ಏನು ಅಂತ ಕೇಳಬೇಡಿ.

ಟೆನ್ಷನರನ್ನು ಆಯಿಲ್‌ನಲ್ಲಿ ಮುಳುಗಿಸಿ, ಗಾಳಿ ಗುಳ್ಳೆ ನಿಲ್ಲುವವರೆಗೂ ಒತ್ತಿ ಬಿಟ್ಟು, ಪ್ಲಂಜರ್ ಒಳಗೇ ನಿಲ್ಲಲು ಪಿನ್ ಹಾಕಿ ಕೂರಿಸಿದೆ. ಚೈನಿನ ಬಣ್ಣದ ಲಿಂಕನ್ನು ಹಲ್ಲುಚಕ್ರದ ಮಾರ್ಕಿಗೆ ತಂದು ಪಿನ್ ಎಳೆದೆ. ಕ್ರ್ಯಾಂಕನ್ನು ಮುಂದಕ್ಕೆ ಮಾತ್ರ ತಿರುಗಿಸಿದೆ. ಪೆಟ್ರೋಲ್ ಹೋಗದಂತೆ ಇಂಜೆಕ್ಟರ್ ಕಪ್ಲರ್ ಕಿತ್ತು, ಆಯಿಲ್ ಲೈಟ್ ಆರುವವರೆಗೂ ಬಿಟ್ಟು ಬಿಟ್ಟು ಸೆಲ್ಫ್ ಹೊಡೆದೆ. ಓನರ್ ಹಾಕಿಸುತ್ತಿದ್ದ ದಪ್ಪನೆಯ 20ಡಬ್ಲ್ಯೂ-50 ಆಯಿಲ್ ಬಿಡಿಸಿ ತೆಳುವಾದ 5ಡಬ್ಲ್ಯೂ-30 ಸುರಿದೆ. ಮಾರನೇ ದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಒಂದು ಸದ್ದಿಲ್ಲ.

ಟೆನ್ಷನರ್ ಹಿಂದೆ ವಾಷರ್ ಇಟ್ಟರೆ ಸಾಕು ಅನ್ನುವವರಿದ್ದಾರೆ. ಗುಜರಿಗೆ ಹೋಗಬೇಕಿದ್ದ ಇನ್ನೊಂದು ಇಂಜಿನ್‌ನಲ್ಲಿ ಅದನ್ನೂ ಮಾಡಿ ನೋಡಿದೆ. ಶಬ್ದ ಹೋಯಿತು, ಸ್ವಲ್ಪ ದಿನಕ್ಕೆ ಚೈನ್ ಉಜ್ಜಿಕೊಂಡು ಓಡುವ ಗೈಡಿನ ಪ್ಲಾಸ್ಟಿಕ್ ಗೆರೆ ಬಿದ್ದು ಹೋಯಿತು.

ಈ ಗಾಡಿ ಟ್ಯಾಕ್ಸಿಯಲ್ಲಿ ಇಪ್ಪತ್ತು ಸಾವಿರ ಕಿ.ಮೀ. ದಾಟಿದೆ. ಎರಡೂ ಕಿಟ್, ಆಯಿಲ್, ಪೇಸ್ಟ್ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಹೋಗಿರಬೇಕು. ನನ್ನ ಕೂಲಿ ಇನ್ನೂ ಪೂರ್ತಿ ಬಂದಿಲ್ಲ.