ಗಾಜಿನ ನೆಗೆಟಿವ್‌ಗಳಲ್ಲಿ ಅಡಗಿದ್ದ ಹಳೆಯ ಪೇಟೆ: ನನ್ನ ಅನುಭವ

ಮುಚ್ಚಿಹೋದ ಸ್ಟುಡಿಯೊವೊಂದರ ಅಟ್ಟದಿಂದ ನನ್ನ ಕೈಸೇರಿದ ಸುಮಾರು 200 ಗಾಜಿನ ನೆಗೆಟಿವ್‌ಗಳನ್ನು ಸ್ಕ್ಯಾನರ್ ಇಲ್ಲದೆ, ಕ್ಯಾಮೆರಾದಿಂದಲೇ ಪ್ರತಿ ಮಾಡುತ್ತೇನೆಂದಾಗ ಈ ಕೆಲಸದಲ್ಲಿ ನನಗಿಂತ ಹಿರಿಯರಾದ ಇಬ್ಬರು ಗೆಳೆಯರು ನಕ್ಕಿದ್ದರು. ಈಗ ಅವರಲ್ಲೊಬ್ಬರು ತಮ್ಮ ಪ್ಲೇಟುಗಳನ್ನು, ಅಂದರೆ ಗಾಜಿನ ನೆಗೆಟಿವ್‌ಗಳನ್ನು, ನನ್ನ ಬಳಿಗೇ ತರುತ್ತಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಸೋತದ್ದನ್ನು ಮೊದಲು ಹೇಳಬೇಕು. ಮೂರು ತಿಂಗಳ ಉಳಿತಾಯ ಸುರಿದು ಬಳಸಿದ ಫ್ಲಾಟ್‌ಬೆಡ್ ಸ್ಕ್ಯಾನರೊಂದನ್ನು ಕೊಂಡೆ. ಸ್ಕ್ಯಾನರಿನ ಗಾಜಿಗೆ ಪ್ಲೇಟಿನ ಗಾಜು ತಗುಲಿದಲ್ಲೆಲ್ಲ ನ್ಯೂಟನ್ ಉಂಗುರಗಳು, ಅಂದರೆ ಬಳೆಯಂಥ ಬಣ್ಣದ ಗೆರೆಗಳು, ಮೂಡಿದವು. ಹಾಫ್ ಪ್ಲೇಟ್ ಎಂಬ ಅಳತೆಯ ಒಂದು ಗಾಜಂತೂ ಮುಚ್ಚಳದ ಭಾರಕ್ಕೆ ಮೂಲೆಯಿಂದ ಮೂಲೆಗೆ ಸೀಳಿತು. ಅದಕ್ಕಿಂತ ದೊಡ್ಡ ತಪ್ಪೆಂದರೆ ಎಮಲ್ಷನ್ (ಚಿತ್ರವನ್ನು ಹೊತ್ತ ಜೆಲಟಿನ್ ಪದರ) ಬದಿಯ ಕೊಳೆಯನ್ನು ಒದ್ದೆ ಹತ್ತಿಯಿಂದ ಒರೆಸಲು ಹೋದದ್ದು. ಬಾವಿಕಟ್ಟೆಯ ಬಳಿ ಕೊಡ ಹಿಡಿದು ನಿಂತಿದ್ದ ಹೆಂಗಸಿನ ಮುಖ ಜೆಲಟಿನ್ ಸಮೇತ ಎದ್ದು ಹತ್ತಿಗೆ ಅಂಟಿಕೊಂಡಿತು. ಅಂದಿನಿಂದ ಆ ಬದಿಗೆ ಬ್ಲೋವರಿನ ಗಾಳಿಯ ಹೊರತು ಬೇರೇನನ್ನೂ ತಾಗಿಸಿಲ್ಲ. ಹೊರಗೆ ಕೊಟ್ಟು ಮಾಡಿಸೋಣವೆಂದರೆ, ಅವರು ಕೇಳಿದ ಒಟ್ಟು ಮೊತ್ತಕ್ಕೆ ನನ್ನ ಕ್ಯಾಮೆರಾ, ಮ್ಯಾಕ್ರೊ ಲೆನ್ಸ್, ಸ್ಟ್ಯಾಂಡ್ ಮೂರನ್ನೂ ಎರಡೆರಡು ಕೊಳ್ಳಬಹುದಿತ್ತು.

ಕೊನೆಗೆ ಕೈಹಿಡಿದದ್ದು ಲೈಟ್ ಪ್ಯಾನೆಲ್, ಅಂದರೆ ಕೆಳಗಿನಿಂದ ಸಮನಾಗಿ ಬೆಳಕು ಕೊಡುವ ಹಲಗೆ. ಪ್ಲೇಟನ್ನು ಅದರ ಮೇಲೆ ನೇರವಾಗಿ ಇಡದೆ, ಎಮಲ್ಷನ್ ಮೇಲ್ಮುಖವಾಗಿರುವಂತೆ ಐದಾರು ಸೆಂಟಿಮೀಟರ್ ಎತ್ತರದಲ್ಲಿ ಅಂಚುಗಳ ಮೇಲಷ್ಟೇ ನಿಲ್ಲಿಸಿದರೆ ಪ್ಯಾನೆಲಿನ ಚುಕ್ಕೆ, ದೂಳುಗಳು ಫೋಕಸ್ಸಿನಿಂದ ಹೊರಗುಳಿಯುತ್ತವೆ. ಸುತ್ತಲಿನ ಬೆಳಕನ್ನು ಕಪ್ಪು ಕಾರ್ಡಿನಿಂದ ಮುಚ್ಚದಿದ್ದರೆ ಅಂಚುಗಳು ಮಂಜಾಗುತ್ತವೆ. ಇದನ್ನು ಅರಿಯುವ ಹೊತ್ತಿಗೆ 40 ಪ್ಲೇಟುಗಳ ಕೆಲಸ ವ್ಯರ್ಥವಾಗಿತ್ತು. ಲೆನ್ಸಿನ ಕಿಂಡಿಯನ್ನು ಎಫ್/8 ಅಳತೆಗೆ ಇಟ್ಟು ಹಾಫ್ ಪ್ಲೇಟೊಂದನ್ನು ಆರು ತುಂಡುಗಳಲ್ಲಿ ತೆಗೆದು ಜೋಡಿಸುತ್ತೇನೆ. ಬಾಗಿದ ಗಾಜನ್ನು ಸಮತಟ್ಟಾಗಿ ನಿಲ್ಲಿಸುವ ನನ್ನ ಉಪಾಯವನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎಮಲ್ಷನ್ ಕಡೆಯಿಂದ ತೆಗೆದ ಚಿತ್ರವನ್ನು ಎಡಬಲ ತಿರುಗಿಸಬೇಕೆಂಬುದು ಎಲ್ಲರಿಗೂ ಗೊತ್ತು; ಆದರೂ ನಾನೊಮ್ಮೆ ಅದನ್ನು ಮರೆತು, ಬೀದಿಯ ಸಾಲುಮನೆಗಳನ್ನು ರಸ್ತೆಯ ಆಚೆ ಬದಿಯಲ್ಲಿ ವಾರಗಟ್ಟಲೆ ಹುಡುಕಿದೆ.

ಹೀಗೆ ತೆಗೆದ ಸಂತೆಬೀದಿಯ ಚಿತ್ರವೊಂದನ್ನು ಹಿಗ್ಗಿಸಿದಾಗ, ಮೊದಲು ಬರಿಯ ಬೂದು ಕಲೆಯಾಗಿ ಕಂಡಿದ್ದು ಅಂಗಡಿಯ ಜಗಲಿಯೆಂದು ತಿಳಿಯಿತು. ಅದರ ಅಂಚಿನಲ್ಲಿ ಹಗ್ಗದ ಸುರುಳಿ, ಮೆಟ್ಟಿಲ ಮೇಲೆ ಮಗುವೊಂದರ ಎರಡು ಪಾದಗಳು ಸ್ಪಷ್ಟವಾಗಿದ್ದವು. ಎಕ್ಸ್‌ಪೋಷರ್ (ಪ್ಲೇಟಿನ ಮೇಲೆ ಬೆಳಕು ಬೀಳುವ ಹೊತ್ತು) ಮುಗಿಯುವವರೆಗೆ ಮೈ ಅಲುಗಾಡಿಸಿದ್ದರಿಂದ ಮಗು ಮಾತ್ರ ಹೊಗೆಯಂತೆ ಕರಗಿಹೋಗಿತ್ತು. ನಕ್ಕವರಿಗೆ ನಾನು ಮೊದಲು ತೋರಿಸಿದ್ದು ಈ ಪಾದಗಳನ್ನೇ.

ನಡುವೆ ಇನ್ನೊಂದು ಹುಚ್ಚಿಗೂ ಬಿದ್ದೆ. ಈ ಚಿತ್ರಗಳಲ್ಲಿ ಹೆಂಚಿನ ಮಾಡುಗಳೆಲ್ಲ ಕಪ್ಪಾಗಿ, ಆಕಾಶ ಬಿಳಿಯ ಹಾಳೆಯಂತಿರುವುದನ್ನು ಕಂಡು, ಮಾಡುಗಳಿಗೆ ಟಾರು ಬಳಿದಿದ್ದರೆಂದು ಬಹಳ ದಿನ ನಂಬಿದ್ದೆ. ಆಗಿನ ಪ್ಲೇಟುಗಳಿಗೆ ಕೆಂಪು ಕಾಣದು ಎಂಬುದು ನೆನಪಾಗಿ, ನೀಲಿ ಫಿಲ್ಟರ್ ಹಾಕಿ ಕೆಂಪು ಹೆಂಚಿನ ಮಾಡೊಂದನ್ನು ಕಪ್ಪುಬಿಳುಪಿನಲ್ಲಿ ತೆಗೆದೆ. ಅದೇ ಕಪ್ಪು ಬಂತು. ಇದರಿಂದಲೇ ಕಾಲ ನಿರ್ಣಯಿಸಬಹುದೆಂದು ಹಿಗ್ಗಿದ್ದೂ ತಪ್ಪೇ, ಏಕೆಂದರೆ 1906ರಲ್ಲಿ ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟುಗಳು ಮಾರುಕಟ್ಟೆಗೆ ಬಂದ ಮೇಲೂ ಹಳೆಯ ಬಗೆಯವು ಬಹುಕಾಲ ಬಳಕೆಯಲ್ಲಿದ್ದವು. ಕಾಲ ಗುರುತಿಸಲು ನಾನೀಗ ಬೀದಿಯ ಕಂಬಗಳು, ತಂತಿಗಳು ಮತ್ತು ಗಾಡಿಯ ಚಕ್ರಗಳನ್ನೇ ಹೆಚ್ಚು ನೆಚ್ಚುತ್ತೇನೆ.

ಜೊತೆಗೆ ಬಂದಿದ್ದ ಕಾಗದದ ಪ್ರಿಂಟುಗಳ ಅಂಚಿನಲ್ಲಿ ಚಿತ್ರದೊಳಗಿನ ಬೆಳ್ಳಿ ಮೇಲೆದ್ದು ನೀಲಿಯಾಗಿ ಹೊಳೆಯುತ್ತಿತ್ತು. ದೀಪಗಳಿಗೂ ಲೆನ್ಸಿಗೂ ಪೋಲರೈಸಿಂಗ್ ಫಿಲ್ಟರುಗಳನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವಂಥವು) ಒಂದಕ್ಕೊಂದು ಅಡ್ಡವಾಗಿ ಇಟ್ಟಾಗ ಆ ಹೊಳಪು ಬಹುಪಾಲು ಮಾಯವಾಯಿತು. ಇನ್ನು ಎಮಲ್ಷನ್ ಪದರ ಎದ್ದಿರುವ ಹದಿನೈದು ಇಪ್ಪತ್ತು ಪ್ಲೇಟುಗಳು ಉಳಿದಿವೆ. ಹವೆ ತೀರ ಒಣಗಿದರೆ ಜೆಲಟಿನ್ ಮತ್ತಷ್ಟು ಸೆಟೆದು ಕಳಚುವ ಭಯವಿರುವುದರಿಂದ ಅವುಗಳ ಡಬ್ಬಿಯನ್ನು ನಾನಿನ್ನೂ ತೆರೆದಿಲ್ಲ.